ದವಡೆ ನೋವಿಗೆ ಹಲ್ಲೇ ಹೊಣೆಯೇ?

ಕಿವಿಯ ಮುಂದೆಯೇ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಡಿಯ ಮೂಳೆಯ ಗುಂಡು ಮೊದಲು ಇದ್ದಲ್ಲೇ ತಿರುಗುತ್ತದೆ. ಬಾಯಿ ಇನ್ನಷ್ಟು ಅಗಲವಾದಾಗ ಮುಂದಕ್ಕೆ ಜಾರುತ್ತದೆ. ತಿರುಗುವುದು, ಜಾರುವುದು ಎರಡನ್ನೂ ಮಾಡುವ ಈ ಕೀಲಿನೊಳಗೆ ಮೂಳೆಗೆ ಮೂಳೆ ತಾಗದಂತೆ ತೆಳುವಾದ ಒಂದು ಬಿಲ್ಲೆಯಿದೆ. ಆ ಬಿಲ್ಲೆ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ಗುಂಡು ಅದರಡಿ ಮತ್ತೆ ಸೇರಿಕೊಳ್ಳುತ್ತಾ ‘ಟಕ್’ ಎನ್ನುತ್ತದೆ. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ನೋವಿದ್ದರೆ? ‘ನಿಮ್ಮ ಹಲ್ಲು ಸರಿಯಾಗಿ ಕೂರುತ್ತಿಲ್ಲ, ಅದಕ್ಕೇ ಹೀಗೆ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಈ ನಂಬಿಕೆಗೆ ಬಲ ಬಂದದ್ದು 1934ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗಿನ ವೈದ್ಯ ಜೇಮ್ಸ್ ಕಾಸ್ಟನ್, 11 ರೋಗಿಗಳ ಕಿವಿನೋವು, ತಲೆನೋವುಗಳನ್ನು ವಿವರಿಸಿ, ಹಿಂದಿನ ಹಲ್ಲು ಬಿದ್ದು ದವಡೆ ಅತಿಯಾಗಿ ಮುಚ್ಚಿಕೊಳ್ಳುವುದರಿಂದ ಕೀಲಿನ ಸುತ್ತ ಒತ್ತಡ ಬೀಳುತ್ತದೆ ಎಂದರು. ಅವರು ಹೇಳಿದಂಥ ಒತ್ತಡಕ್ಕೆ ಅಲ್ಲಿ ಆಸ್ಪದವೇ ಇಲ್ಲ ಎಂದು ಅಂಗರಚನಾ ತಜ್ಞರು ಆಮೇಲೆ ತೋರಿಸಿದರು. ಅಷ್ಟರಲ್ಲಿ, ಹಲ್ಲು ಸರಿಯಾಗಿ ಕೂರಲೆಂದು ಅದನ್ನು ಸವೆಸಿ ಮಟ್ಟ ಮಾಡುವ ಚಿಕಿತ್ಸೆ ಬೇರುಬಿಟ್ಟಿತ್ತು.

1976ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ಮಟ್ಟಿಗೆ ಕಣ್ಣು ತೆರೆಸುವಂಥದ್ದು. ದವಡೆ ನೋವಿನ 25 ಮಂದಿಗೆ ಸಂಶೋಧಕರು ಹಲ್ಲು ಸವೆಸಿದಂತೆ ನಟಿಸಿದರು, ನಿಜಕ್ಕೂ ಏನನ್ನೂ ಸವೆಸಲಿಲ್ಲ. ಆದರೂ 16 ಮಂದಿಗೆ ನೋವು ಪೂರ್ತಿ ಅಥವಾ ಬಹುಪಾಲು ಹೋಯಿತು. ನಿಜವಾಗಿ ಸವೆಸಿದ್ದರೆ ಆ ಗುಣದ ಶ್ರೇಯವೆಲ್ಲ ಸವೆಸಿದ್ದಕ್ಕೇ ಸಲ್ಲುತ್ತಿತ್ತು!

ಹಾಗೆಂದು ಹಲ್ಲಿಗೂ ಕೀಲಿಗೂ ಸಂಬಂಧವೇ ಇಲ್ಲವೆಂದಲ್ಲ. ಹೊಸದಾಗಿ ತುಂಬಿಸಿದ ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಬಾಯಿಗೆ ಗೊತ್ತಾಗುತ್ತದೆ. ಅದನ್ನು ಕೂಡಲೇ ಸರಿಪಡಿಸಿಕೊಳ್ಳಬೇಕು. ಎಷ್ಟೋ ಸಲ ಕಾರ್ಯಕಾರಣ ತಿರುಗುಮುರುಗಾಗಿರುತ್ತದೆ: ಸಂಧಿವಾತದಿಂದ ಕೀಲಿನ ಗುಂಡು ಸವೆದಾಗ ದವಡೆಯ ನೆಲೆ ಬದಲಾಗಿ, ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ ಹೋಗುತ್ತವೆ. ಅಲ್ಲಿ ಹಲ್ಲು ಸವೆಸಿದರೆ ಕೀಲಿನ ರೋಗ ಹಾಗೇ ಉಳಿಯುತ್ತದೆ.

ಹಲ್ಲು ಹೇಗೆ ಕೂರುತ್ತದೆ ಎನ್ನುವುದಕ್ಕಿಂತ ಎಷ್ಟು ಹೊತ್ತು ಕಚ್ಚಿಕೊಂಡಿರುತ್ತೇವೆ ಎನ್ನುವುದನ್ನು ಹೆಚ್ಚು ಗಮನಿಸಬೇಕು. ಸುಮ್ಮನಿರುವಾಗ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಎರಡು-ಮೂರು ಮಿಲಿಮೀಟರ್ ಸಂದು ಇರಬೇಕು. ಚಿಂತೆಯಲ್ಲಿ, ಕಂಪ್ಯೂಟರ್ ಮುಂದೆ ಅವುಡುಗಚ್ಚಿ ಕೂತರೆ ಅಗಿಯುವ ಸ್ನಾಯುಗಳಿಗೆ ಬಿಡುವೇ ಸಿಗದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಬಿಸಿ ಶಾಖ ಕೊಡಿ, ಕೆಲವು ದಿನ ಚಕ್ಕುಲಿ, ಕೋಡುಬಳೆ ಬಿಟ್ಟು ಮೆತ್ತಗಿನದನ್ನು ತಿನ್ನಿ. ಬಹುತೇಕರಿಗೆ ಇಷ್ಟರಲ್ಲೇ ನೋವು ತಗ್ಗುತ್ತದೆ. ಚಿಕಿತ್ಸೆಯಲ್ಲಿ ಸವೆಸಿದ ಎನಾಮಲ್ (ಹಲ್ಲಿನ ಹೊರಕವಚ) ಮಾತ್ರ ಮತ್ತೆ ಬೆಳೆಯುವುದಿಲ್ಲ. ಅದನ್ನು ಸೃಷ್ಟಿಸುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಅಳಿದಿರುತ್ತವೆ. ದವಡೆ ನೋವಿಗೆಂದು ಹಲ್ಲು ಸವೆಸಬೇಕೆಂದು ಯಾರಾದರೂ ಹೇಳಿದರೆ, ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ ಅಥವಾ ಹಲ್ಲು ಕೂರುವ ರೀತಿ ಇದ್ದಕ್ಕಿದ್ದಂತೆ ಬದಲಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.