ಸರ್ರಾ ರೋಗ ಎಮ್ಮೆಗೆ ಬರುತ್ತದೆ, ನಮಗೇಕೆ ಬರುವುದಿಲ್ಲ?

ಕಳೆದ ಮಳೆಗಾಲದಲ್ಲಿ ನನ್ನ ಮಾಮು ಸಾಕಿದ ಎಮ್ಮೆಗೆ ಜ್ವರ ಬಂದು ಅದು ಮೇವು ಬಿಟ್ಟಿತು. ಪಶುವೈದ್ಯರು ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಸರ್ರಾ’ ಎಂದರು. ಇಂಜೆಕ್ಷನ್ ಕೊಟ್ಟ ಮೇಲೆ ಎಮ್ಮೆ ಚೇತರಿಸಿಕೊಂಡಿತು. ಈ ರೋಗ ಹರಡುವುದು ಕಚ್ಚುವ ದೊಡ್ಡ ನೊಣಗಳಿಂದ. ಆ ನೊಣಗಳು ಹಾಲು ಕರೆಯುವ ನಮ್ಮ ಮುಮಾನಿಯನ್ನೂ ಬಿಟ್ಟಿರಲಿಲ್ಲ. ಅವರಿಗೆ ಮಾತ್ರ ಏನೂ ಆಗಲಿಲ್ಲ. ಏಕೆ? ನಾನು ಓದುವುದು ಕಾಮರ್ಸ್. ಹೀಗಾಗಿ ಉತ್ತರಕ್ಕಾಗಿ ಜೀವಶಾಸ್ತ್ರದ ಉಪನ್ಯಾಸಕರ ಹಿಂದೆ ಹಲವು ದಿನ ತಿರುಗಿದೆ.

ಸರ್ರಾಕ್ಕೆ ಕಾರಣ ಟ್ರಿಪನೊಸೋಮಾ ಇವಾನ್ಸಿ ಎಂಬ ಏಕಕೋಶ ಪರಾವಲಂಬಿ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಅಂದಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಇದರ ಹತ್ತಿರದ ಬಂಧು ಟ್ರಿಪನೊಸೋಮಾ ಬ್ರೂಸಿ ಆಫ್ರಿಕದಲ್ಲಿದೆ. ಅಲ್ಲಿ ಅದನ್ನು ಹರಡುವುದು ತ್ಸೆತ್ಸೆ ನೊಣ. ಮಲೇರಿಯಾ ಪರಾವಲಂಬಿಯನ್ನು ಕಂಡುಹಿಡಿದ ಫ್ರಾನ್ಸಿನ ಲಾವೆರಾನ್, 1902ರಲ್ಲಿ ಈ ಆಫ್ರಿಕದ ರೋಗ ತಗಲಿದ ಇಲಿಗಳಿಗೆ ಮನುಷ್ಯರ ಸೀರಮ್ ಚುಚ್ಚಿದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಹಳದಿ ದ್ರವವೇ ಸೀರಮ್. ಇಲಿಗಳ ರಕ್ತದಿಂದ ಪರಾವಲಂಬಿಗಳು ಮಾಯವಾದವು!

ಇದು ಲಸಿಕೆಯಿಂದ ಬಂದ ಶಕ್ತಿಯಲ್ಲ, ಹಿಂದೆ ಆ ರೋಗ ಬಂದು ಹೋಗಿದ್ದರಿಂದ ಬಂದದ್ದೂ ಅಲ್ಲ. ಆರೋಗ್ಯವಂತರ ಸಾಮಾನ್ಯ ಸೀರಮ್‌ನಲ್ಲೇ ಇರುವ ಗುಣ. ಕೆಲಸ ಮಾಡುವುದು ‘ಒಳ್ಳೆಯ ಕೊಲೆಸ್ಟ್ರಾಲ್’ ಎಂದು ನಾವು ಕರೆಯುವ ಎಚ್‌ಡಿಎಲ್ ಕಣಗಳಲ್ಲಿ ಕೆಲವು. ಪರಾವಲಂಬಿಗೆ ಬೆಳೆಯಲು ನಮ್ಮ ಹಿಮೋಗ್ಲೋಬಿನ್‌ನ ಹೀಮ್ ಬೇಕು. ಹಿಮೋಗ್ಲೋಬಿನ್ ಹೊತ್ತ ಪ್ರೋಟೀನು ಸಿಕ್ಕಿದರೆ ಅದು ಹಿಡಿದು ನುಂಗುತ್ತದೆ. ಈ ವಿಶೇಷ ಕಣಗಳ ಮೇಲೆ ಅದನ್ನೇ ಹೋಲುವ ಇನ್ನೊಂದು ಪ್ರೋಟೀನು ಹಿಮೋಗ್ಲೋಬಿನ್ ಹಿಡಿದು ಕುಳಿತಿರುತ್ತದೆ. ಪರಾವಲಂಬಿ ಊಟವೆಂದುಕೊಂಡು ಇಡೀ ಕಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಅದರ ಜೊತೆಗೇ ಎಪಿಒಎಲ್-1 ಎಂಬ ಪ್ರೋಟೀನೂ ಒಳಗೆ ಹೋಗುತ್ತದೆ. ಒಳಗಿನ ಪೊರೆಗಳಲ್ಲಿ ಅದು ರಂಧ್ರ ಕೊರೆಯುತ್ತದೆ. ಲವಣದ ಅಯಾನುಗಳು ನುಗ್ಗುತ್ತವೆ, ಹಿಂದೆಯೇ ನೀರು, ಪರಾವಲಂಬಿ ಉಬ್ಬಿ ಸಾಯುತ್ತದೆ. ಹಸಿವೇ ಅದಕ್ಕೆ ಮುಳುವಾಗುವುದು ನನಗೆ ಬಹಳ ಹಿಡಿಸಿತು. ಗೊರಿಲ್ಲಾ, ಬಬೂನ್‌ಗಳ ಸೀರಮ್‌ಗೂ ಈ ಶಕ್ತಿ ಇದೆ. ನಮಗೆ ಇನ್ನೂ ಹತ್ತಿರದ ಚಿಂಪಾಂಜಿಗೆ ಇಲ್ಲ. ದನ, ಎಮ್ಮೆ, ಕುದುರೆಗಳಿಗೂ ಇಲ್ಲ.

ಇದು ಬರಿಯ ಸಿದ್ಧಾಂತವಲ್ಲ ಎಂದು ತೋರಿಸಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಒಬ್ಬ ರೈತ. 2004ರಲ್ಲಿ ಅವರಿಗೆ ತಿಂಗಳುಗಟ್ಟಲೆ ಜ್ವರ ಬಂದು ಹೋಗುತ್ತಿತ್ತು. ರಕ್ತದಲ್ಲಿ ಕಂಡದ್ದು ದನಗಳ ಸರ್ರಾ! ಸುರಾಮಿನ್ ಎಂಬ ಔಷಧದಿಂದ ಗುಣವಾದರು. ಆಮೇಲೆ ಪರೀಕ್ಷಿಸಿದಾಗ, ತಂದೆ ತಾಯಿ ಇಬ್ಬರಿಂದಲೂ ಬಂದ ಎಪಿಒಎಲ್-1 ವಂಶವಾಹಿಗಳು ಕೆಟ್ಟಿರುವುದು ಕಂಡಿತು. ಆ ಪ್ರೋಟೀನು ಅವರ ರಕ್ತದಲ್ಲಿ ಇರಲೇ ಇಲ್ಲ. ಪ್ರಯೋಗಾಲಯದಲ್ಲಿ ಅವರ ಸೀರಮ್‌ಗೆ ಅದನ್ನು ಬೆರೆಸಿದರೆ ಪರಾವಲಂಬಿಗಳು ಸತ್ತವು.

ಆದರೆ ಪರಾವಲಂಬಿಯೂ ಸುಮ್ಮನೆ ಕೂತಿಲ್ಲ. ಪೂರ್ವ ಆಫ್ರಿಕದ ಒಂದು ತಳಿ ಎಪಿಒಎಲ್-1 ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನನ್ನು ಬೆಳೆಸಿಕೊಂಡಿದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ತಳಿಯದು ಬೇರೆ ಉಪಾಯ. ಮನುಷ್ಯರಿಗೆ ನಿದ್ರಾರೋಗ ತರುವುದು ಇವೆರಡೇ. ಇದಕ್ಕೆ ಉತ್ತರವಾಗಿ ಆಫ್ರಿಕ ಮೂಲದ ಅನೇಕರಲ್ಲಿ ಎಪಿಒಎಲ್-1ರ ಎರಡು ಬದಲಾದ ರೂಪಗಳು ಹರಡಿವೆ. ಇವು ಪೂರ್ವ ಆಫ್ರಿಕದ ತಳಿಯನ್ನೂ ಕೊಲ್ಲಬಲ್ಲವು.

ಇದರ ಖರ್ಚು ಮೂತ್ರಪಿಂಡಕ್ಕೆ ಬಿದ್ದಿದೆ. ಅಂಥ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಹಾಗೆ ಬಂದ ಎಲ್ಲರಿಗೂ ರೋಗ ಬರುವುದಿಲ್ಲ. ಬಂದವರಿಗಾಗಿ ಎಪಿಒಎಲ್-1 ಅನ್ನೇ ತಡೆಯುವ ಗುಳಿಗೆಗಳನ್ನು ಈಗ ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆ.