ಬೆಳ್ಳಗಿರೋದೆಲ್ಲ ಹಾಲಲ್ಲ, ಹಸಿರಾಗಿರೋದೆಲ್ಲ ಮೇವಲ್ಲ

ಮಸಾಲೆ ಅಂದಕೂಡಲೇ ಬೆಂಗಳೂರಿನವರಿಗೆ ದೋಸೆಯ ನೆನಪಾಗಿ ಬಾಯಲ್ಲಿ ನೀರೂರುವುದು ಸಹಜ. ಆದರೆ ದಂಡಿನ ಕಡೆಯ ಹಳಬರಿಗೆ ಇನ್ನೊಂದು ಮಸಾಲೆಯೂ ಗೊತ್ತು. ಅದು ಹೋಟೆಲಿನದಲ್ಲ, ಲಾಯದ್ದು. ಹೆಸರು ಕುದುರೆ ಮಸಾಲೆ. ಕೆಲವರು ಕುದುರೆ ಮೆಂತ್ಯ ಅಂತಾರೆ. ಇಂಗ್ಲಿಷ್ ಬಲ್ಲವರ ಬಾಯಲ್ಲಿ ಲೂಸರ್ನ್, ಅಮೆರಿಕದವರಿಗೆ ಆಲ್ಫಾಲ್ಫಾ. ನೋಡೋದಕ್ಕೆ ಥೇಟ್ ಮೆಂತ್ಯದ ಸೊಪ್ಪೇ. ಒಂದು ತೊಟ್ಟಿಗೆ ಮೂರು ಎಲೆ, ಬಿಟ್ಟರೆ ನೇರಳೆ ಬಣ್ಣದ ಹೂವು. ಬಲ್ಲವರು ಇದನ್ನು ಮೇವಿನ ರಾಣಿ ಎಂದು ಕರೆಯುತ್ತಾರೆ.

ಈ ರಾಣಿಗೆ ಈಗ ಹೊಸದೊಂದು ಬಿರುದು ಸೇರಿಕೊಂಡಿದೆ: ‘ಸಾವಯವ’. ಅಕ್ಕಿ, ಬೆಲ್ಲ, ತರಕಾರಿ ಆದ ಮೇಲೆ ಸಾವಯವ ಹಾಲಿನ ಮಾತು ಬಂತು. ಹಾಲು ಸಾವಯವ ಆಗಬೇಕಾದರೆ ಹಸು ತಿನ್ನುವ ಮೇವೂ ಸಾವಯವ ಆಗಬೇಕು ತಾನೆ? ಅಲ್ಲೇ ಬರುತ್ತದೆ ಈ ಊರಿನ ಮೂಲವ್ಯಾಧಿ. ಅದು ಗೊಬ್ಬರದ ಪ್ರಶ್ನೆಯಲ್ಲ, ನೀರಿನ ಪ್ರಶ್ನೆ.

ಕುದುರೆ ಕಟ್ಟಿದ ಊರು

ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ, ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷರ ಸೇನೆ ಇಲ್ಲಿಗೆ ಬಂದಾಗ. ಸೇನೆ ಬಂದಮೇಲೆ ಕುದುರೆ ಬಂತು, ಕುದುರೆ ಬಂದಮೇಲೆ ಲಾಯ ಬಂತು, ಲಾಯದ ಹಿಂದೆಯೇ ಹುಲ್ಲಿನ ವ್ಯಾಪಾರ ಬಂತು. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಇಲ್ಲಿಗೆ ಬಂದದ್ದು ಅಶ್ವದಳದ ಕಿರಿಯ ಅಧಿಕಾರಿಯಾಗಿ. 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಗೆದ್ದ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಅವರ ಸ್ಮಾರಕ ಜೆ.ಸಿ. ನಗರದಲ್ಲಿ ಇವತ್ತಿಗೂ ಇದೆ. ಸೈನಿಕರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದರು. ಕುದುರೆಗಳಿಗೆ ಮೇವು ಕೊಯ್ದು ಹಾಕಿದವರ ಹೆಸರು ಎಲ್ಲೂ ಇಲ್ಲ, ಬಿಡಿ.

ಸೇನೆಗೆ ಹಾಲೂ ಬೇಕಿತ್ತು. ದೇಶದ ಮೊದಲ ಮಿಲಿಟರಿ ಫಾರಂ 1889ರಲ್ಲಿ ಅಲಹಾಬಾದಿನಲ್ಲಿ ಶುರುವಾಯಿತು. ಆಮೇಲೆ ಬೇರೆ ಬೇರೆ ದಂಡುಗಳಲ್ಲೂ ಅಂಥ ಫಾರಂಗಳು ಬಂದವು. 132 ವರ್ಷ ಹಾಲು ಕೊಟ್ಟ ಈ ಇಡೀ ವ್ಯವಸ್ಥೆಯನ್ನು 2021ರಲ್ಲಿ ಮುಚ್ಚಲಾಯಿತು. ಶಿವಾಜಿನಗರದ ಜಟಕಾಗಳ ಕಥೆಯೂ ಅಷ್ಟೇ. ಆಟೋಗಳು ಬಂದವು, ಜಟಕಾ ನಿಲ್ದಾಣಗಳು ಹೋದವು.

ಆದರೆ ಹಸು ಹೋಗಿಲ್ಲ. ಹಲಸೂರಿನ ಹಳೇ ಬೀದಿಗಳಲ್ಲಿ, ಕೆ.ಆರ್. ಪುರದ ಆಚೀಚೆಯ ಹಳ್ಳಿಗಳಲ್ಲಿ ಒಂದೆರಡು ಹಸು ಕಟ್ಟಿ ಬೆಳಗ್ಗೆ ಸಂಜೆ ಹಾಲು ಹಾಕುವವರು ಈಗಲೂ ಇದ್ದಾರೆ. ಅವರ ದೊಡ್ಡ ಚಿಂತೆ ಒಂದೇ: ಇವತ್ತಿನ ಹಸಿ ಹುಲ್ಲು ಎಲ್ಲಿಂದ ತರೋದು?

ಕೆರೆ ಹುಲ್ಲಿನ ಕಥೆ

ಇಂದಿರಾನಗರ ಬಡಾವಣೆ ಆಗುವ ಮೊದಲು ಬಿನ್ನಮಂಗಲ, ದೊಮ್ಮಲೂರು, ಕೋಡಿಹಳ್ಳಿ, ದೂಪನಹಳ್ಳಿ ಎಲ್ಲವೂ ಹೊಲ ಗದ್ದೆಗಳ ಊರುಗಳೇ. ಬದುವಿನ ಹುಲ್ಲು ಕೊಯ್ದರೆ ಹಸುವಿಗೆ ಸಾಕಾಗುತ್ತಿತ್ತು. ಹೊಲಗಳು ಸೈಟುಗಳಾದವು. ಸೈಟಿನಲ್ಲಿ ಮನೆ ಎದ್ದಿತು. ಮನೆಯ ಬಚ್ಚಲು ನೀರು ಮೋರಿ ಸೇರಿತು, ಮೋರಿಯ ನೀರು ಬೆಳ್ಳಂದೂರು ಕೆರೆ ಸೇರಿತು. ಸುಮಾರು 900 ಎಕರೆಯ ಆ ಕೆರೆಯಲ್ಲಿ ಹುಲ್ಲು ಹುಲುಸಾಗಿ ಬೆಳೆಯಿತು. ಬೆಳೆಯದೆ ಏನು ಮಾಡೀತು? ಊರಿನ ಹೊಲಸೆಲ್ಲ ಅದಕ್ಕೆ ಗೊಬ್ಬರ!

ಹಸು ಸಾಕಿದವರು ಆ ಹುಲ್ಲನ್ನೇ ಕೊಯ್ದರು. ಬೆಳ್ಳಂದೂರು, ವರ್ತೂರು ಕೆರೆಗಳ ಹುಲ್ಲಿನ ಹೊರೆ ಸೈಕಲ್ಲು, ಮೊಪೆಡ್ಡುಗಳ ಮೇಲೆ ಕೊಟ್ಟಿಗೆ ಕೊಟ್ಟಿಗೆಗೆ ಹೋಯಿತು. ಅವರನ್ನು ಬೈದು ಏನು ಪ್ರಯೋಜನ? ಹೊಲ ಕಿತ್ತುಕೊಂಡ ಊರು ಅವರಿಗೆ ಬಿಟ್ಟದ್ದು ಅದೊಂದೇ ಹುಲ್ಲು.

ಆ ನೀರಿನ ಗುಣ ಏನು ಅನ್ನೋದು ಇಡೀ ದೇಶಕ್ಕೇ ಗೊತ್ತಾಯಿತು. 2015ರ ಮೇ ತಿಂಗಳಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ ಮತ್ತೆ ಹೊಗೆಯೆದ್ದಿತು. 2018ರ ಜನವರಿ 19ರಂದು ಹತ್ತಿದ ಬೆಂಕಿ ಆರಿಸಲು ಸೇನೆಯ ಸಾವಿರಾರು ಜವಾನರು ಇಳಿಯಬೇಕಾಯಿತು. ಅವತ್ತು ಉರಿದದ್ದು ಬೇರೇನಲ್ಲ, ಕೆರೆಯಂಗಳದ ಒಣ ಹುಲ್ಲು.

ಅದಕ್ಕೂ ಮುಂಚೆಯೇ, 2006ರಲ್ಲಿ, ‘ಕರೆಂಟ್ ಸೈನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಬೆಳ್ಳಂದೂರು ಕೆರೆಯ ನೀರು ಕುಡಿದ ಮಣ್ಣು, ಭತ್ತ, ತರಕಾರಿಗಳನ್ನು ಪರೀಕ್ಷಿಸಿ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಭಾರಲೋಹಗಳ ಬಗ್ಗೆ ಅದು ಎಚ್ಚರಿಸಿತ್ತು. ಭತ್ತಕ್ಕೆ ಬಂದದ್ದು ಹುಲ್ಲಿಗೆ ಬರದೇ ಇದ್ದೀತೆ? ಹುಲ್ಲಿನಲ್ಲಿದ್ದ ಸೀಸ ಹಸುವಿನ ಮೂಳೆ, ಯಕೃತ್ತು, ಮೂತ್ರಪಿಂಡಗಳಲ್ಲಿ ಕೂತುಕೊಳ್ಳುತ್ತದೆ. ಅದರ ಒಂದು ಪಾಲು ಹಾಲಿಗೂ ಇಳಿಯುತ್ತದೆ. ಒಂದು ಲೋಟ ಹಾಲು ಕುಡಿದವರು ಆಸ್ಪತ್ರೆ ಸೇರುವುದಿಲ್ಲ, ಗಾಬರಿ ಬೇಡ. ಆದರೆ ಹಾಲು ಕುಡಿಯುವ ಮಗು ದಿನಾ ಕುಡಿಯುತ್ತದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಸಾಯುವುದಿಲ್ಲ.

ಎಂಟು ಗುಂಟೆಯ ಲೆಕ್ಕ

ಇಲ್ಲಿ ಕುದುರೆ ಮಸಾಲೆಯ ಪ್ರಸಂಗ ಬರುತ್ತದೆ. ಕೆರೆ ಹುಲ್ಲಿನಂತೆ ಇದು ಜೌಗಿನಲ್ಲಿ ಬೆಳೆಯುವ ಜಾತಿಯಲ್ಲ. ಬುಡದಲ್ಲಿ ನೀರು ನಿಂತರೆ ಕೊಳೆತು ಸಾಯುತ್ತದೆ. ನೀರು ಬಸಿದುಹೋಗುವ ಮಣ್ಣು ಬೇಕು. ಒಮ್ಮೆ ಬಿತ್ತಿದರೆ 3-4 ವರ್ಷ ಮತ್ತೆ ಬಿತ್ತುವ ಕೆಲಸವಿಲ್ಲ. ಬಿತ್ತಿದ 70-75 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 25-30 ದಿನಕ್ಕೊಮ್ಮೆ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 10 ಕೊಯ್ಲು. ಎಕರೆಗೆ ಸುಮಾರು 30 ಟನ್ ಹಸಿ ಮೇವು.

ಎಕರೆ ಯಾರಲ್ಲಿದೆ ಸ್ವಾಮಿ ಅಂತ ಕೇಳಬಹುದು. ಎಕರೆ ಬೇಡ, ಗುಂಟೆ ಲೆಕ್ಕ ಹಾಕೋಣ. ಎಕರೆಗೆ 30 ಟನ್ ಅಂದರೆ ಗುಂಟೆಗೆ 750 ಕಿಲೋ, ಅಂದರೆ ದಿನಕ್ಕೆ 2 ಕಿಲೋ. ಒಂದು ಹಸುವಿಗೆ ದಿನಕ್ಕೆ 8 ಕಿಲೋ ಸಾಕು ಅಂದರೆ 4 ಗುಂಟೆ. ಎರಡು ಹಸುವಿಗೆ 8 ಗುಂಟೆ. ಪೇಟೆಯವರ ಭಾಷೆಯಲ್ಲಿ ಹೇಳಬೇಕಾದರೆ, 30-40ರ ಒಂದು ಸೈಟು ಗುಂಟೆಗಿಂತ ತುಸು ಜಾಸ್ತಿ. ಇಂದಿರಾನಗರದಲ್ಲಿ ಒಂದು ಹಸುವಿಗೆ ನಾಲ್ಕು ಸೈಟು ಬಿಡುವ ಪುಣ್ಯಾತ್ಮ ಸಿಗಲಿಕ್ಕಿಲ್ಲ. ಆದರೆ ಕೆ.ಆರ್. ಪುರ ದಾಟಿ, ಬಿದರಹಳ್ಳಿ, ಹೊಸಕೋಟೆ ಕಡೆ 8 ಗುಂಟೆ ದೊಡ್ಡ ಮಾತಲ್ಲ.

ಲಾಭ ಏನು? 8 ಕಿಲೋ ಹಸಿ ಸೊಪ್ಪಿನಲ್ಲಿ ಸುಮಾರು 300 ಗ್ರಾಂ ಪ್ರೋಟೀನು. ಹತ್ತಿರ ಹತ್ತಿರ ಮುಕ್ಕಾಲು ಕಿಲೋ ಕಡಲೆಕಾಯಿ ಹಿಂಡಿಯಲ್ಲಿ ಸಿಗುವಷ್ಟು. ನಮ್ಮ ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಪ್ರೋಟೀನು ಕಮ್ಮಿ. ರಾಗಿ ಹುಲ್ಲಿನ ಜತೆ ಕುದುರೆ ಮಸಾಲೆ ಅಂದರೆ ಮುದ್ದೆಯ ಜತೆ ಬಸ್ಸಾರು ಇದ್ದ ಹಾಗೆ.

ಗೊಬ್ಬರದ ಅಂಗಡಿ ಬೇಡ

ಈ ಬೆಳೆ ಸಾವಯವಕ್ಕೆ ತಾನಾಗಿಯೇ ಒಗ್ಗುತ್ತದೆ. ಅವರೆ, ಹುರುಳಿಗಳ ಹಾಗೆ ಇದರ ಬೇರಿನಲ್ಲೂ ಗಂಟುಗಳಿವೆ. ಅಲ್ಲಿ ವಾಸಿಸುವ ರೈಜೋಬಿಯಂ ಜೀವಾಣು ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುತ್ತದೆ. ಹಾಗಾಗಿ ಯೂರಿಯಾ ಚೀಲ ಹೊರುವ ಅಗತ್ಯವಿಲ್ಲ. ಬಿತ್ತುವ ಮುಂಚೆ ಬೀಜಕ್ಕೆ ಈ ಬೆಳೆಗೇ ಮೀಸಲಾದ ರೈಜೋಬಿಯಂ ಪುಡಿಯನ್ನು ಬೆಲ್ಲದ ಅಂಟಿನಲ್ಲಿ ಲೇಪಿಸಿ ನೆರಳಲ್ಲಿ ಆರಿಸಬೇಕು.

ಎಕರೆಗೆ 8-10 ಕಿಲೋ ಬೀಜ, 8-10 ಟನ್ ಕಳಿತ ಕೊಟ್ಟಿಗೆ ಗೊಬ್ಬರ. ನಮ್ಮ ಕೆಂಪು ಮಣ್ಣು ಹಲವು ಕಡೆ ಹುಳಿ. ಕುದುರೆ ಮಸಾಲೆಗೆ ಹುಳಿ ಆಗದು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟು ಸುಣ್ಣ ಹಾಕಬೇಕು. ರಂಜಕಕ್ಕೆ ಶಿಲಾರಂಜಕ ಇದೆ. ಬಿತ್ತನೆಗೆ ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಮೊದಲ ಒಂದೂವರೆ ತಿಂಗಳು ಕಳೆ ಕಿತ್ತರೆ ಮುಂದೆ ಗಿಡವೇ ಕಳೆಯನ್ನು ಅದುಮಿಡುತ್ತದೆ. ಒಂದು ಕಳ್ಳ ಮಾತ್ರ ಹುಷಾರು: ಕಸ್ಕ್ಯೂಟಾ ಎಂಬ ಬೇರಿಲ್ಲದ ಹಳದಿ ಬಳ್ಳಿ. ಬೀಜದ ಜತೆಯೇ ಬಂದು ಗಿಡದ ರಸ ಹೀರುತ್ತದೆ. ಶುದ್ಧ ಬೀಜ ಕೊಳ್ಳುವುದೇ ಮದ್ದು. ಕಂಡ ಕಡೆ ಗಿಡ ಸಮೇತ ಕೊಯ್ದು ಸುಡಬೇಕು. ಆನಂದ್-2, ಆರ್.ಎಲ್.-88 ಪರಿಚಿತ ತಳಿಗಳು. ಮೇವಿನ ವಿಚಾರ ಕೇಳಲು ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಮೇವು ಕೇಂದ್ರ ಇದೆ. ಆಡುಗೋಡಿಯಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆಯೂ ಇದೆ. ಅದರ ನೆರೆಯ ಡೈರಿ ಸಂಸ್ಥೆಗೆ 1927ರಲ್ಲಿ ಗಾಂಧೀಜಿಯೇ ಬಂದು ಹಸು ಸಾಕಣೆಯ ಪಾಠ ಕೇಳಿದ್ದರು. ಗಾಂಧಿಗೆ ಇಲ್ಲದ ಸಂಕೋಚ ನಮಗೇಕೆ?

ಎರಡು ಎಚ್ಚರ

ಒಂದು: ರುಚಿಯಾಗಿದೆ ಅಂತ ಹಸಿವಾದ ಹಸುವಿಗೆ ಬರೀ ಕುದುರೆ ಮಸಾಲೆ ಹಾಕಬಾರದು. ಇಬ್ಬನಿಯ ಹಸಿ ಸೊಪ್ಪು ಹೊಟ್ಟೆ ತುಂಬ ತಿಂದರೆ ಉಬ್ಬರ ಬಂದು ಗಂಟೆಗಳಲ್ಲಿ ಹಸು ಹೋಗಬಹುದು. ಮೊದಲು ಒಣ ಹುಲ್ಲು ಕೊಟ್ಟು, ಆಮೇಲೆ 3-4 ಗಂಟೆ ಬಾಡಿಸಿದ ಸೊಪ್ಪು ಬೆರೆಸಿ ಕೊಡಬೇಕು.

ಎರಡು: ಒಣಗಿಸುವ ವಿಚಾರ. ಹೂ ಅಲ್ಲೊಂದು ಇಲ್ಲೊಂದು ಕಾಣಿಸಿದಾಗ ಕೊಯ್ದರೆ ಸತ್ವ ಜಾಸ್ತಿ. ಪ್ರೋಟೀನಿನ ಹೆಚ್ಚು ಪಾಲು ಇರುವುದು ಎಲೆಯಲ್ಲಿ. ಮಧ್ಯಾಹ್ನದ ಸುಡುಬಿಸಿಲಲ್ಲಿ ಎತ್ತಿ ಕೊಡವಿದರೆ ಎಲೆ ಉದುರಿ ಕಡ್ಡಿ ಮಾತ್ರ ಉಳಿಯುತ್ತದೆ. ಒಂದು ಬಿಸಿಲು ಬಾಡಿಸಿ, ಮಿಕ್ಕದ್ದನ್ನು ನೆರಳಲ್ಲಿ ಆರಿಸಬೇಕು. ತೇವ ಶೇಕಡಾ 15ಕ್ಕೆ ಇಳಿದ ಮೇಲೆ ಕಟ್ಟಿಡಬೇಕು. ತೇವ ಇದ್ದರೆ ಬೂಷ್ಟು ಹಿಡಿಯುತ್ತದೆ, ಬಣವೆ ಒಳಗೊಳಗೇ ಕಾಯುತ್ತದೆ. ನಾಲ್ಕು ಕಿಲೋ ಹಸಿಗೆ ಸುಮಾರು ಒಂದು ಕಿಲೋ ಒಣ ಮೇವು. ಬೆಂಗಳೂರಿನ ಹವೆಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಇದಕ್ಕೆ ಅನುಕೂಲ.

ಯಾವ ನೀರು?

ಇಷ್ಟೆಲ್ಲ ಮಾಡಿದ ಮೇಲೂ ಕೊನೆಯ ಪ್ರಶ್ನೆ ಉಳಿಯುತ್ತದೆ. ಕುದುರೆ ಮಸಾಲೆ ಬಾಯಾರಿದ ಬೆಳೆ. ಚಳಿಗಾಲದಲ್ಲಿ 10-12 ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬೇಕು. ಪೂರ್ವದ ಕಡೆ ಬೋರ್‌ವೆಲ್ ಪಾತಾಳ ಸೇರಿವೆ. ಮೋರಿ ನೀರು ಮಾತ್ರ ಕೈಗೆಟಕುವಷ್ಟು ಹತ್ತಿರ, ಅದೂ ಪುಕ್ಕಟೆ. ಆಸೆ ಹುಟ್ಟೋದು ಅಲ್ಲೇ.

ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಬರಡು ಕೆರೆಗಳು ತುಂಬಿದವು, ರೈತರು ಉಸಿರಾಡಿದರು. ಎರಡನೇ ಹಂತದವರೆಗೆ ಮಾತ್ರ ಶುದ್ಧಿ ಮಾಡಿದರೆ ಸಾಕೇ ಎಂಬ ತಕರಾರು 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಂಸ್ಕರಿಸಿದ ನೀರಿಗೇ ಇಷ್ಟು ವಾದವಾದರೆ, ಸಂಸ್ಕರಿಸದ ಮೋರಿ ನೀರಿನ ಬಗ್ಗೆ ಹೇಳೋದೇನು?

ಸರ್ಕಾರದ ಸಾವಯವ ಪ್ರಮಾಣಪತ್ರದ ವ್ಯವಸ್ಥೆ 2001ರಿಂದ ಇದೆ. ರಾಸಾಯನಿಕ ಬಿಟ್ಟ ಮೇಲೂ ಜಮೀನು ಕನಿಷ್ಠ 2 ವರ್ಷ ಕಾಯಬೇಕು ಅನ್ನುತ್ತದೆ ನಿಯಮ. ಕಾಗದ ಸಿಗುವುದು ಆಮೇಲೆ. ಆದರೆ ನಾಲ್ಕು ಕಟ್ಟು ಸೊಪ್ಪು ಮಾರುವವರ ಕೈಯಲ್ಲಿ ಕಾಗದ ಇರುವುದಿಲ್ಲ. ಅಲ್ಲಿ ಕೇಳಬೇಕಾದ್ದು ಬಾಯಿಮಾತಿನ ಪ್ರಶ್ನೆ.

ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಿ ಬರುವಾಗ ಹಸುವಿಗೆ ಒಂದು ಕಟ್ಟು ಹಾಕಿ ಕೈಮುಗಿಯುವ ಅಂಗಡಿಯವರಿದ್ದಾರೆ. ಪುಣ್ಯದ ಕೆಲಸ, ಮಾಡಲಿ. ಕಾಸು ಕೊಡುವ ಮುಂಚೆ ಇದು ಯಾವ ಹುಲ್ಲು, ಯಾವ ನೀರಿನದು ಅಂತ ಒಂದು ಮಾತು ಕೇಳಲಿ. ಮನೆಗೆ ಹಾಲು ತರುವವರನ್ನೂ ಹಸುವಿಗೆ ಏನು ಹಾಕುತ್ತೀರಿ ಅಂತ ವಿಚಾರಿಸಲಿ. ಜಗಳವಾಡಲು ಅಲ್ಲ. ಬೋರ್ ನೀರಿನಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದು ಹಾಕುವವರಿಗೆ ಖರ್ಚು ಜಾಸ್ತಿ. ಲೀಟರಿಗೆ ಎರಡು ಕಾಸು ಹೆಚ್ಚು ಕೊಡುವ ಗಿರಾಕಿ ಸಿಕ್ಕರೆ ಅವರು ಉಳಿಯುತ್ತಾರೆ. ಸಿಗದಿದ್ದರೆ ಅವರ ಹಸುವೂ ಪುಕ್ಕಟೆ ಹುಲ್ಲಿಗೇ ಬಾಯಿ ಹಾಕುತ್ತದೆ.

ಹಸುವಿಗೆ ಕೇಳಲು ಬಾರದು. ಹಾಲು ಕುಡಿಯುವವರು ಕೇಳಬಹುದು.