ನಿಮಗಿದು ಗೊತ್ತೆ? ಫ್ಯಾನ್ ನಿಧಾನಿಸಿದರೆ ಸದ್ದು ಎಷ್ಟು ತಗ್ಗುತ್ತದೆ!

ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಅನತಿ ದೂರದ ಎಸ್‌.ಪಿ. ರಸ್ತೆಗೆ ಕಂಪ್ಯೂಟರ್ ಕ್ಯಾಬಿನೆಟ್‌ ಫ್ಯಾನ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಬಣ್ಣದ ದೀಪಗಳ ಮೇಲೆ. ನೋಡಬೇಕಾದದ್ದು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು: ಅಳತೆ, ವೇಗ (ಆರ್‌ಪಿಎಂ), ಸದ್ದು (ಡೆಸಿಬಲ್).

ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ತಳ್ಳುವ ಗಾಳಿಯೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ. 10 ಡೆಸಿಬಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಇನ್ನು ಒಂದೇ ಬಗೆಯ ಎರಡು ಫ್ಯಾನ್ ಸೇರಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಹಾಗಾಗಿ ಒಂದನ್ನೇ ಭರ್ರೆಂದು ಓಡಿಸುವುದಕ್ಕಿಂತ ಎರಡನ್ನು ನಿಧಾನವಾಗಿ ತಿರುಗಿಸುವುದೇ ಜಾಣತನ. ಜಾಗವಿದ್ದರೆ 120 ಮಿ.ಮೀ. ಬದಲು 140 ಮಿ.ಮೀ. ಫ್ಯಾನ್ ಹಾಕಿ; ಅಷ್ಟೇ ಗಾಳಿಗೆ ಅದು ಕಡಿಮೆ ಸುತ್ತಿದರೂ ಸಾಕು.

ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನನ್ನೇ ಕೇಳಿ. ಬಿಸಿ ನೋಡಿಕೊಂಡು ಮದರ್‌ಬೋರ್ಡ್ ಅದರ ವೇಗವನ್ನು ಏರಿಳಿಸುತ್ತದೆ. ಧೂಳಿನ ಫಿಲ್ಟರ್ ಹಿಂದೆ ಕೂರಿಸುವುದಾದರೆ ಸ್ಟ್ಯಾಟಿಕ್ ಪ್ರೆಷರ್, ಅಂದರೆ ಅಡ್ಡಿಯಿದ್ದರೂ ಗಾಳಿ ದಾಟಿಸುವ ಒತ್ತಡ, ಹೆಚ್ಚಿರಬೇಕು.

ಚಾಮರಾಜಪೇಟೆಯಂಥ ವಾಹನದಟ್ಟಣೆಯ ಕಡೆ ಧೂಳೇ ದೊಡ್ಡ ತಲೆನೋವು. ಮುಂದೆ ಎರಡು ಫ್ಯಾನ್ ಗಾಳಿ ಒಳಗೆಳೆದು, ಹಿಂದೆ ಒಂದು ಹೊರದೂಡಿದರೆ ಒಳಗಿನ ಒತ್ತಡ ತುಸು ಹೆಚ್ಚಿರುತ್ತದೆ. ಫಿಲ್ಟರ್ ಇಲ್ಲದ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಗಾಳಿಯ ದಿಕ್ಕು ತಿಳಿಯಲು ಕೆಲವು ಫ್ಯಾನುಗಳ ಚೌಕಟ್ಟಿನ ಮಗ್ಗುಲಲ್ಲಿ ಬಾಣದ ಗುರುತಿರುತ್ತದೆ. ಇಲ್ಲದಿದ್ದರೆ, ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳನ್ನು ಹುಡುಕಿ: ಸಾಮಾನ್ಯವಾಗಿ ಗಾಳಿ ಹೊರಬರುವುದು ಆ ಕಡೆಯಿಂದಲೇ.